ಸುದ್ದಿ ಕಾಯುವ ಮನೆಯಲ್ಲಿ ದೆವ್ವಗಳು

(ಮಕ್ಕಳ ಜೊತೆ ಕೂತು ನೋಡುವ ಸಿನಿಮಾಗಳ ಬಗ್ಗೆ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ದೆವ್ವದ ಸಿನಿಮಾ ಅಂದ ಕೂಡಲೇ ಮಕ್ಕಳನ್ನು ಒಳಗೆ ಕಳಿಸುವವರು ನಮ್ಮಲ್ಲಿ ಜಾಸ್ತಿ. ಇವತ್ತು ನಾನು ಹೇಳಲಿರುವ ಸಿನಿಮಾಕ್ಕೆ ಮಕ್ಕಳನ್ನು ಕರೆದು ಪಕ್ಕದಲ್ಲೇ ಕೂರಿಸಿಕೊಳ್ಳಬಹುದು. ಹೆಸರು ‘ಫ್ರಮ್ ಟೈಮ್ ಟು ಟೈಮ್’. 2009ರ ಇಂಗ್ಲಿಷ್ ಚಿತ್ರ. ನಿರ್ದೇಶಕರು ಜೂಲಿಯನ್ ಫೆಲೋಸ್. ‘ಡೌನ್ಟನ್ ಆಬಿ’ ಧಾರಾವಾಹಿ ನೋಡಿದವರಿಗೆ ಈ ಹೆಸರು ಗೊತ್ತಿರುತ್ತದೆ. ಅದನ್ನು ಬರೆದವರು ಇವರೇ. ಆ ಧಾರಾವಾಹಿ ಶುರುವಾಗಿದ್ದು 2010ರಲ್ಲಿ. ಅದರಲ್ಲಿ ಹೆಸರು ಮಾಡಿದ ಮ್ಯಾಗಿ ಸ್ಮಿತ್ ಮತ್ತು ಹ್ಯೂ ಬಾನ್‌ವಿಲ್ ಇಬ್ಬರೂ ಈ ಸಿನಿಮಾದಲ್ಲಿ ಮೊದಲೇ ಇದ್ದಾರೆ. ಆದರೆ ಧಾರಾವಾಹಿ ಲೋಕವೆಲ್ಲ ಸುತ್ತಿತು, ಸಿನಿಮಾ ಸದ್ದಿಲ್ಲದೆ ಬಂದು ಹೋಯಿತು. ಈ ಸಿನಿಮಾದ ಬಗ್ಗೆ ನನಗೆ ತುಂಬಾ ಪ್ರೀತಿ. ಅದಕ್ಕೇ ಇವತ್ತು ಇದನ್ನೇ ಆರಿಸಿಕೊಂಡೆ.

ಕತೆ ನಡೆಯುವುದು 1944ರಲ್ಲಿ, ಎರಡನೇ ಮಹಾಯುದ್ಧದ ಹೊತ್ತಿನಲ್ಲಿ. ಟೋಲಿ ಅಂತ 13 ವರ್ಷದ ಹುಡುಗ. ಅಪ್ಪ ಯುದ್ಧಕ್ಕೆ ಹೋಗಿದ್ದಾನೆ, ಈಗ ಎಲ್ಲಿದ್ದಾನೋ ಗೊತ್ತಿಲ್ಲ. ಸತ್ತ ಅಂತ ಯಾರೂ ಹೇಳಿಲ್ಲ, ಬದುಕಿದ್ದಾನೆ ಅಂತಲೂ ಯಾರೂ ಹೇಳಿಲ್ಲ. ಕಾಣೆಯಾಗಿದ್ದಾನೆ, ಅಷ್ಟೇ. ಹುಡುಗನನ್ನು ಹಳ್ಳಿಯಲ್ಲಿರುವ ಅಜ್ಜಿಯ ಮನೆಗೆ ಕಳಿಸುತ್ತಾರೆ. ಅಪ್ಪನ ಅಮ್ಮ. ಅವಳಿಗೆ ಸೊಸೆಯನ್ನು ಕಂಡರೆ ಆಗುವುದಿಲ್ಲ. ಸೊಸೆ ತಮ್ಮ ಅಂತಸ್ತಿಗೆ ಸರಿಯಾದವಳಲ್ಲ ಅಂತ. ಹಾಗಾಗಿ ಹುಡುಗ ಆ ಮನೆಗೆ ಮೊಮ್ಮಗನಾಗಿ ಬರುತ್ತಾನೋ ಅಥವಾ ಬೇಡದ ಸೊಸೆಯ ಮಗನಾಗಿ ಬರುತ್ತಾನೋ ಅವನಿಗೇ ತಿಳಿಯುವುದಿಲ್ಲ. ಮನೆಯ ಹೆಸರು ಗ್ರೀನ್ ನೋ. ತುಂಬಾ ಹಳೆಯದು, ತುಂಬಾ ದೊಡ್ಡದು. ಈಗ ಅದನ್ನು ನಡೆಸಲು ದುಡ್ಡಿಲ್ಲ, ಮಾರುವ ಹೊತ್ತು ಬಂದಿದೆ.

ಆ ಮನೆಯಲ್ಲಿ ಟೋಲಿಗೆ ದೆವ್ವಗಳು ಕಾಣಿಸುತ್ತವೆ. ಅವನ ವಂಶದವರೇ. ಹತ್ತೊಂಬತ್ತನೇ ಶತಮಾನದ ಆರಂಭದ ಹೊತ್ತಿಗೆ ಅದೇ ಮನೆಯಲ್ಲಿ ಬದುಕಿದ್ದವರು. ಹಡಗಿನ ಕ್ಯಾಪ್ಟನ್ ಓಲ್ಡ್‌ನೋ, ಅವನ ಹೆಂಡತಿ, ಹಟಮಾರಿ ಮಗ ಸೆಫ್ಟನ್, ಕಣ್ಣು ಕಾಣದ ಮಗಳು ಸೂಸನ್. ಜೊತೆಗೆ ಜೇಕಬ್ ಅಂತ ಒಬ್ಬ ಹುಡುಗ. ಗುಲಾಮಗಿರಿಯಿಂದ ಪಾರಾದ ಕಪ್ಪು ಹುಡುಗ. ಸೂಸನ್‌ಗೆ ಜೊತೆಗಾರನಾಗಲಿ ಅಂತ ಕ್ಯಾಪ್ಟನ್ ಅವನನ್ನು ಮನೆಗೆ ಕರೆತಂದಿರುತ್ತಾನೆ. ಟೋಲಿ ಇವರ ಕಾಲಕ್ಕೆ ಹೋಗುತ್ತಾನೆ, ತನ್ನ ಕಾಲಕ್ಕೆ ಮರಳುತ್ತಾನೆ, ಮತ್ತೆ ಹೋಗುತ್ತಾನೆ. ಒಂದು ಬೆಂಕಿ ಅನಾಹುತ ಇದೆ, ಕಾಣೆಯಾದ ಒಡವೆಗಳಿವೆ. ಉಳಿದದ್ದನ್ನು ನೀವೇ ನೋಡಿ.

ಈಗ ನಾನು ಹೇಳಬೇಕೆಂದಿದ್ದ ಮುಖ್ಯ ಮಾತಿಗೆ ಬರುತ್ತೇನೆ. ಈ ಸಿನಿಮಾದಲ್ಲಿ ಹೆದರಿಕೆ ಇಲ್ಲ ಅಂತ ತುಂಬಾ ಜನ ಹೇಳುತ್ತಾರೆ. ಮಕ್ಕಳ ದೆವ್ವದ ಸಿನಿಮಾ, ಸೌಮ್ಯವಾಗಿದೆ, ಸುಮ್ನೆ ಕೂತು ನೋಡಬಹುದು ಅಂತ. ನನಗೆ ಹಾಗನ್ನಿಸುವುದಿಲ್ಲ. ಇದರಲ್ಲಿ ಹೆದರಿಕೆ ಬೇಕಾದಷ್ಟಿದೆ. ಅಷ್ಟೂ 1944ರಲ್ಲಿದೆ. ಯಾರೋ ಬಾಗಿಲು ತಟ್ಟಿದರೆ ಹೆದರಿಕೆ. ಟಪಾಲು ಬಂದರೆ ಹೆದರಿಕೆ. ದೊಡ್ಡವರು ಮಾತಾಡುತ್ತಿದ್ದು ಹುಡುಗ ಒಳಗೆ ಬಂದ ಕೂಡಲೇ ನಿಲ್ಲಿಸಿದರೆ ಇನ್ನೂ ಹೆದರಿಕೆ.

ಆ ವರ್ಷ ಬ್ರಿಟನ್ನಿನ ಮನೆಮನೆಯಲ್ಲೂ ಇದೇ ಕತೆ. ಜೂನ್ 6ಕ್ಕೆ ಸೈನ್ಯ ಫ್ರಾನ್ಸಿನ ನಾರ್ಮಂಡಿಯ ದಡಕ್ಕೆ ಇಳಿದಿತ್ತು. ಸೆಪ್ಟೆಂಬರಿನಲ್ಲಿ ಹಾಲೆಂಡಿನ ಆರ್ನೆಮ್‌ನಲ್ಲಿ ದೊಡ್ಡ ಸೋಲಾಯಿತು. ಅದೇ ತಿಂಗಳು ಲಂಡನ್ ಮೇಲೆ ಜರ್ಮನಿಯ ವಿ-2 ರಾಕೆಟ್‌ಗಳು ಬೀಳಲು ಶುರುವಾದವು. ಮನೆಯವರಿಗೆ ಸುದ್ದಿ ಬರುತ್ತಿದ್ದುದು ಟೆಲಿಗ್ರಾಂ ಮೂಲಕ. ಸೈಕಲ್ ಮೇಲೆ ಬರುವ ಅಂಚೆ ಹುಡುಗ ಯಾರ ಮನೆ ಮುಂದೆ ನಿಲ್ಲುತ್ತಾನೆ ಅಂತ ಇಡೀ ಬೀದಿ ನೋಡುತ್ತಿತ್ತು. ನಮ್ಮಲ್ಲೂ ತಂತಿ ಬಂತು ಅಂದರೆ ಒಡೆದು ಓದುವ ಮೊದಲೇ ಅಳು ಶುರುವಾಗುತ್ತಿದ್ದ ಕಾಲ ಇತ್ತು. ಇಲ್ಲಿರುವ ಹಿರಿಯರಿಗೆ ಅದು ನೆನಪಿರಬಹುದು.

‘ಸತ್ತ’ ಅನ್ನುವ ಸುದ್ದಿಗಿಂತ ‘ಕಾಣೆಯಾಗಿದ್ದಾನೆ’ ಅನ್ನುವ ಸುದ್ದಿ ಮಕ್ಕಳಿಗೆ ಕಷ್ಟ. ಅಳುವ ಹಾಗಿಲ್ಲ, ಯಾಕೆಂದರೆ ಅತ್ತರೆ ಸತ್ತ ಅಂತ ಒಪ್ಪಿಕೊಂಡ ಹಾಗೆ. ನಗುವ ಹಾಗೂ ಇಲ್ಲ. ಟೋಲಿ ಇದೇ ಸಂಕಟದಲ್ಲಿದ್ದಾನೆ. ಇಂಥ ಹುಡುಗನಿಗೆ ಸುಮಾರು ನೂರನಲವತ್ತು ವರ್ಷ ಹಿಂದಿನವರು ಎದುರು ಬಂದು ನಿಂತರೆ ಏನಾಗುತ್ತದೆ ಯೋಚಿಸಿ. ಅವನು ಬೆಚ್ಚುವುದಿಲ್ಲ. ಅವನಿಗೆ ಆಸೆ ಹುಟ್ಟುತ್ತದೆ. ಸತ್ತವರು ಇಲ್ಲೇ ಇದ್ದಾರೆ, ಮಾತಾಡುತ್ತಾರೆ, ಜಗಳವಾಡುತ್ತಾರೆ ಅಂದಮೇಲೆ ಕಾಣೆಯಾದವರ ಕತೆಯೇನು? ಈ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳಬೇಕಾಗಿಲ್ಲ. ಟೋಲಿಯಾಗಿ ನಟಿಸಿದ ಅಲೆಕ್ಸ್ ಎಟೆಲ್ ಮುಖದಲ್ಲೇ ಅದು ಕಾಣುತ್ತದೆ.

ನಮ್ಮಲ್ಲಿ ಪಿತೃಪಕ್ಷಕ್ಕೆ ಎಡೆ ಇಟ್ಟು ಹಿರಿಯರನ್ನು ಕರೆಯುತ್ತೇವೆ. ಸತ್ತವರು ಮನೆಗೆ ಬರುವುದು ನಮಗೆ ಹೊಸ ವಿಷಯ ಅಲ್ಲವೇ ಅಲ್ಲ. ಬಹುಶಃ ಅದಕ್ಕೇ ಈ ಸಿನಿಮಾ ನಮಗೆ ಬೇಗ ಹತ್ತಿರವಾಗುತ್ತದೆ.

ದೆವ್ವಗಳನ್ನು ತೋರಿಸಿದ ರೀತಿಯೂ ನನಗೆ ಇಷ್ಟ. ಮಂಜಿನ ಹೊಗೆ, ಕಿರುಚುವ ಸಂಗೀತ, ಹಿಂದಿನಿಂದ ಭುಜದ ಮೇಲೆ ಬೀಳುವ ಕೈ, ಇಂಥದ್ದನ್ನೆಲ್ಲ ಈ ಸಿನಿಮಾ ನೆಚ್ಚಿಕೊಂಡಿಲ್ಲ. ಹುಡುಗ ಇದೇ ಮನೆಯ ಇನ್ನೊಂದು ಕಾಲಕ್ಕೆ ಕೋಣೆಯಿಂದ ಕೋಣೆಗೆ ಹೋದ ಹಾಗೆ ಹೋಗಿಬಿಡುತ್ತಾನೆ. ಗೋಡೆ ಅದೇ, ಮೆಟ್ಟಿಲು ಅದೇ. ಜನ ಮಾತ್ರ ಬೇರೆ. ಸೂಸನ್‌ಗೂ ಜೇಕಬ್‌ಗೂ ಇವನು ಇರುವುದು ಗೊತ್ತಾಗುತ್ತದೆ. ಅವರ ಲೆಕ್ಕದಲ್ಲಿ ದೆವ್ವ ಯಾರು ಹೇಳಿ? ಟೋಲಿಯೇ. ಇನ್ನೂ ಹುಟ್ಟದವನು ಬಂದು ಎದುರು ನಿಂತಿದ್ದಾನೆ. ಕಣ್ಣು ಕಾಣದ ಹುಡುಗಿಗೆ ಕಣ್ಣಿದ್ದವರಿಗೆ ತಿಳಿಯದ ಅತಿಥಿ ತಿಳಿಯುತ್ತಾನೆ.

ಇನ್ನು ಅಜ್ಜಿ. ಮ್ಯಾಗಿ ಸ್ಮಿತ್ ಅವರು 2024ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ ಎಲ್ಲರೂ ಅವರ ಚುರುಕು ಮಾತಿನ ಪಾತ್ರಗಳನ್ನು ನೆನೆದರು. ನನಗೆ ಈ ಅಜ್ಜಿ ನೆನಪಾದಳು. ಮೊಮ್ಮಗ ಬಂದು ಮನೆಯಲ್ಲಿ ಯಾರೋ ಕಂಡರು ಅಂದಾಗ ಅವಳು ಜ್ವರ ಇದೆಯಾ ಅಂತ ಹಣೆ ಮುಟ್ಟಿ ನೋಡುವವಳಲ್ಲ. ಗದರುವವಳೂ ಅಲ್ಲ. ಆ ಕಾಲದ ಕತೆಯನ್ನು ಸ್ವಲ್ಪ ಸ್ವಲ್ಪವಾಗಿ ಹೇಳುತ್ತಾಳೆ. ಮಗ ಕಾಣೆಯಾದ ತಾಯಿ ಅವಳು. ಮೊಮ್ಮಗನ ಎದುರು ಅದನ್ನು ತೋರಿಸಿಕೊಳ್ಳಬಾರದು ಅಂತ ಬೆನ್ನು ನೇರ ಮಾಡಿ ಕೂರುತ್ತಾಳೆ. ನೆಟ್ಟಗೆ ಕೂತ ಆ ಬೆನ್ನೇ ಅರ್ಧ ನಟನೆ. ಹುಡುಗ ದೆವ್ವಗಳನ್ನು ಹುಡುಕುತ್ತಾ ಹೋದ ಹಾಗೆಲ್ಲ ಅಜ್ಜಿ ಮೊಮ್ಮಗನ ನಡುವಿನ ಗೋಡೆ ಕರಗುತ್ತದೆ. ಜೀವಂತ ಇರುವ ಸೊಸೆಯ ಬಗ್ಗೆ ಇರುವ ಕಹಿಯನ್ನು ಕರಗಿಸಲು ಸತ್ತವರ ಕತೆ ಬೇಕಾಯಿತು.

ಈ ಕತೆ ಫೆಲೋಸ್ ಅವರ ಸ್ವಂತದ್ದಲ್ಲ. ಲೂಸಿ ಎಂ. ಬಾಸ್ಟನ್ ಅವರು 1958ರಲ್ಲಿ ಬರೆದ ‘ದಿ ಚಿಮ್ನೀಸ್ ಆಫ್ ಗ್ರೀನ್ ನೋ’ ಅನ್ನುವ ಮಕ್ಕಳ ಕಾದಂಬರಿ ಇದರ ಮೂಲ. ಲೂಸಿ ಅವರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಯಾಕೆಂದರೆ ಇಲ್ಲಿ ಮನೆಯೇ ಕತೆ ಬರೆಸಿದೆ.

ಲೂಸಿ ಹುಟ್ಟಿದ್ದು 1892ರಲ್ಲಿ. 1939ರಲ್ಲಿ, ಯುದ್ಧ ಶುರುವಾದ ವರ್ಷವೇ, ಕೇಂಬ್ರಿಡ್ಜ್ ಹತ್ತಿರದ ಹೆಮಿಂಗ್‌ಫರ್ಡ್ ಗ್ರೇ ಎಂಬ ಹಳ್ಳಿಯಲ್ಲಿ ಒಂದು ಹಳೆಯ ಮನೆ ಕೊಂಡರು. ಆ ಮನೆಯ ಕಲ್ಲಿನ ಗೋಡೆಗಳು 1130ರ ದಶಕದವು. ಆಗ ಕಟ್ಟಿದ ಮನೆಯಲ್ಲಿ ಇವತ್ತಿಗೂ ಜನ ವಾಸ ಮಾಡುತ್ತಿದ್ದಾರೆ. ಬ್ರಿಟನ್ನಿನಲ್ಲಿ ಬಿಡದೆ ಜನ ಬದುಕುತ್ತಾ ಬಂದಿರುವ ಅತಿ ಹಳೆಯ ಮನೆಗಳಲ್ಲಿ ಇದೂ ಒಂದು. ಒಂದು ಕಡೆ ಗ್ರೇಟ್ ಊಸ್ ನದಿ, ಉಳಿದ ಮೂರು ಕಡೆ ನೀರಿನ ಕಂದಕ. ಲೂಸಿ ಬಂದಾಗ ಹಳೆಯ ಗೋಡೆಗಳ ಮೇಲೆ ಹೊಸ ಕಾಲದ ಪದರಗಳು ಬಿದ್ದಿದ್ದವು. ಅವನ್ನು ಬಿಡಿಸಿ ಬಿಡಿಸಿ ಒಳಗಿನ ಹಳೆಯ ಮನೆಯನ್ನು ಹೊರಗೆ ತಂದರು.

ಯುದ್ಧದ ವರ್ಷಗಳಲ್ಲಿ ಆಸುಪಾಸಿನ ವಿಮಾನ ನೆಲೆಗಳಲ್ಲಿ ವಾಯುಪಡೆಯ ಹುಡುಗರು ಇದ್ದರು. ಲೂಸಿ ಅವರನ್ನು ಮನೆಗೆ ಕರೆದು ಮಹಡಿಯ ದೊಡ್ಡ ಕೋಣೆಯಲ್ಲಿ ಗ್ರಾಮಫೋನ್ ಹಚ್ಚಿ ಸಂಗೀತ ಕೇಳಿಸುತ್ತಿದ್ದರು. ಭಾರೀ ಕಹಳೆ ಇರುವ ಆ ಗ್ರಾಮಫೋನ್ ಈಗಲೂ ಅಲ್ಲೇ ಇದೆ. ಎಂಟು ನೂರು ವರ್ಷ ಹಳೆಯ ಕಲ್ಲಿನ ಗೋಡೆಯ ನಡುವೆ ಇಪ್ಪತ್ತು ಇಪ್ಪತ್ತೆರಡು ವರ್ಷದ ಹುಡುಗರು ಕೂತು ಸಂಗೀತ ಕೇಳುತ್ತಾರೆ. ಆಮೇಲೆ ಜರ್ಮನಿಯ ಮೇಲೆ ಬಾಂಬು ಹಾಕಲು ಹೋಗುತ್ತಾರೆ. ಮುಂದಿನ ಸಲ ಬಂದವರಲ್ಲಿ ಯಾರೋ ಕಡಿಮೆ ಇರುತ್ತಾರೆ. ಇದನ್ನು ಕಂಡ ಹೆಂಗಸು ದೆವ್ವದ ಕತೆ ಬರೆದರೆ ಅದು ಹೆದರಿಸುವ ಕತೆ ಹೇಗೆ ಆಗುತ್ತದೆ? ಹೋದವರು ಮತ್ತೆ ಬಂದು ಅದೇ ಕೋಣೆಯಲ್ಲಿ ಕೂರಲಿ ಅನ್ನುವ ಕತೆಯೇ ಆಗುತ್ತದೆ, ಅಲ್ವಾ? ಇದು ನನ್ನ ಊಹೆ. ಆದರೆ ಗ್ರೀನ್ ನೋ ಕತೆಗಳನ್ನು ಬೇರೆ ರೀತಿ ಓದಲು ನನಗೆ ಆಗುವುದಿಲ್ಲ.

ಗ್ರೀನ್ ನೋ ಸಾಲಿನ ಮೊದಲ ಪುಸ್ತಕ 1954ರಲ್ಲಿ ಬಂತು. ಆಗ ಲೂಸಿಗೆ ಅರವತ್ತು ದಾಟಿತ್ತು. ಚಿತ್ರ ಬರೆದವರು ಅವರ ಮಗ ಪೀಟರ್. ಆಮೇಲೆ ಬಂದ ಒಂದು ಪುಸ್ತಕಕ್ಕೆ, ಮಕ್ಕಳ ಪುಸ್ತಕಗಳಿಗೆ ಬ್ರಿಟನ್ನಿನಲ್ಲಿ ಕೊಡುವ ಕಾರ್ನೆಗಿ ಪದಕವೂ ಸಿಕ್ಕಿತು. 1990ರಲ್ಲಿ ತೀರಿಕೊಳ್ಳುವವರೆಗೂ ಲೂಸಿ ಅದೇ ಮನೆಯಲ್ಲಿದ್ದರು. ಅವರು ಕೌದಿ ಹೊಲಿಯುತ್ತಿದ್ದರು. ಅವರು ಹೊಲಿದ ಕೌದಿಗಳು ಈಗಲೂ ಆ ಮನೆಯಲ್ಲಿವೆ. 1958ರ ಕಾದಂಬರಿಯಲ್ಲೂ ಟೋಲಿಯ ಮುತ್ತಜ್ಜಿ (ಸಿನಿಮಾದಲ್ಲಿ ಅವಳೇ ಅಜ್ಜಿ) ಒಂದು ಹಳೆಯ ಕೌದಿಯನ್ನು ರಿಪೇರಿ ಮಾಡುತ್ತಾ ಕೂತಿರುತ್ತಾಳೆ. ಒಂದೊಂದು ತುಂಡು ಬಟ್ಟೆ ಆ ಕಾಲದ ಒಬ್ಬೊಬ್ಬರ ಉಡುಪಿನದ್ದು. ಬೆರಳು ಯಾವ ತುಂಡಿನ ಮೇಲೆ ನಿಲ್ಲುತ್ತದೋ ಅವರ ಕತೆ ಬರುತ್ತದೆ. ಎಷ್ಟು ಚೆಂದದ ಉಪಾಯ ನೋಡಿ.

ಕಾದಂಬರಿಗೂ ಸಿನಿಮಾಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಪುಸ್ತಕದಲ್ಲಿ ಯುದ್ಧ ಇಲ್ಲ, ಕಾಣೆಯಾದ ಅಪ್ಪನೂ ಇಲ್ಲ. ಟೋಲಿ ಇನ್ನೂ ಚಿಕ್ಕ ಹುಡುಗ. ಯುದ್ಧವನ್ನು ತಂದವರು ಫೆಲೋಸ್. ಮೂಲ ಬದಲಿಸಿದರು ಅಂತ ಪುಸ್ತಕದ ಅಭಿಮಾನಿಗಳಿಗೆ ಬೇಸರ ಆಗಬಹುದು. ನನಗೆ ಇದು ಸರಿಯಾದ ಬದಲಾವಣೆ ಅನ್ನಿಸುತ್ತದೆ. ಲೂಸಿ ಅವರ ಮನೆಯಲ್ಲಿ ಇದ್ದೂ ಪುಸ್ತಕದಲ್ಲಿ ಇಲ್ಲದ ಯುದ್ಧವನ್ನು ಫೆಲೋಸ್ ಕತೆಯೊಳಗೆ ತಂದರು.

ಚಿತ್ರೀಕರಣ ನಡೆದದ್ದು ಬೇರೆ ಮನೆಯಲ್ಲಿ. ಡಾರ್ಸೆಟ್ ಜಿಲ್ಲೆಯ ಆಥಲ್‌ಹ್ಯಾಂಪ್ಟನ್. ಅದು 1485ರ ಸುಮಾರಿಗೆ ಕಟ್ಟಲು ಶುರುವಾದ ಮನೆ. ಮರದ ಚಾವಣಿಯ ದೊಡ್ಡ ಹಜಾರ ಇದೆ. ಹೊರಗೆ ಗೋಪುರದ ಹಾಗೆ ಕತ್ತರಿಸಿದ ಎತ್ತರದ ಯೂ ಮರಗಳಿವೆ. 1992ರಲ್ಲಿ ಈ ಮನೆಯ ಒಂದು ಭಾಗ ಬೆಂಕಿಗೆ ಸುಟ್ಟುಹೋಗಿತ್ತು, ಆಮೇಲೆ ಮತ್ತೆ ಕಟ್ಟಿದರು. ಬೆಂಕಿಯ ಕತೆಯನ್ನು ಬೆಂಕಿ ಕಂಡ ಮನೆಯಲ್ಲೇ ಚಿತ್ರಿಸಿದ್ದಾರೆ.

ಈಗ ಜೇಕಬ್ ಬಗ್ಗೆ. ಇಂಥ ಸಿನಿಮಾಗಳಲ್ಲಿ ಹಳೆಯ ಮನೆಯನ್ನು ಸುಮ್ನೆ ಚೆಂದ ಅಂತ ತೋರಿಸಿ ಬಿಟ್ಟುಬಿಡುತ್ತಾರೆ. ಬೆಳ್ಳಿ ತಟ್ಟೆ, ರೇಷ್ಮೆ ಪರದೆ, ಕುದುರೆ ಗಾಡಿ. ದುಡ್ಡು ಎಲ್ಲಿಂದ ಬಂತು ಅಂತ ಯಾರೂ ಕೇಳುವುದಿಲ್ಲ. ಇಲ್ಲಿ ಒಬ್ಬ ಕಪ್ಪು ಹುಡುಗ ಆ ಹಜಾರದ ನಡುವೆ ಬಂದು ನಿಲ್ಲುತ್ತಾನೆ. ಆಗ ಕೇಳಲೇಬೇಕಾಗುತ್ತದೆ. ಬ್ರಿಟನ್ ಗುಲಾಮರ ವ್ಯಾಪಾರವನ್ನು ನಿಷೇಧಿಸಿದ್ದು 1807ರಲ್ಲಿ. ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನೇ ತೆಗೆಯುವ ಕಾನೂನು ಮಾಡಿದ್ದು 1833ರಲ್ಲಿ. ಹಳೆಯ ಮನೆಗಳನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ 2020ರಲ್ಲಿ ಒಂದು ವರದಿ ತಂದಿತು. ತನ್ನ ಕೈಯಲ್ಲಿರುವ 93 ಜಾಗಗಳಿಗೆ ಗುಲಾಮಗಿರಿಯ ಅಥವಾ ವಸಾಹತಿನ ನಂಟಿದೆ ಅಂತ ಅದರಲ್ಲಿ ಹೇಳಿತು. ಅಲ್ಲಿ ದೊಡ್ಡ ಗಲಾಟೆಯೇ ಆಯಿತು.

ನಮಗೂ ಇದರಲ್ಲಿ ಪಾಲಿದೆ. ವೇಲ್ಸ್‌ನ ಪೋವಿಸ್ ಕೋಟೆ ಅದೇ ಟ್ರಸ್ಟ್‌ನ ಕೈಯಲ್ಲಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹೊರಗೆ ಹೋದ ವಸ್ತುಗಳಲ್ಲಿ ಕೆಲವು ಅಲ್ಲಿವೆ. ಟಿಪ್ಪುವಿನ ಡೇರೆ ಇದೆ. ಅವನ ಸಿಂಹಾಸನದಲ್ಲಿದ್ದ ಚಿನ್ನದ ಹುಲಿ ತಲೆಯೊಂದಿದೆ. ಆಗ ಮದ್ರಾಸಿನ ಗವರ್ನರ್ ಆಗಿದ್ದ ಎಡ್ವರ್ಡ್ ಕ್ಲೈವ್ ಕುಟುಂಬದ ಮೂಲಕ ಅವು ಅಲ್ಲಿಗೆ ಸೇರಿದವು. ಸಿನಿಮಾದ ಹಳೆಯ ಕಾಲವೂ ಹೆಚ್ಚುಕಮ್ಮಿ ಅದೇ. ಆ ಮನೆಗಳಲ್ಲಿ ದೆವ್ವ ಇದ್ದರೆ ಕನ್ನಡ ಮಾತಾಡುವ ಒಂದಾದರೂ ಇರಬೇಕಲ್ಲ ಅಂತ ನನಗೆ ಅನ್ನಿಸುತ್ತದೆ. ಅದರ ಕತೆಯನ್ನು ಯಾರಾದರೂ ಮಕ್ಕಳಿಗಾಗಿ ಬರೆಯಬೇಕು. ನಿಜವಾಗಿ ಹೇಳುತ್ತಿದ್ದೇನೆ.

ಜೇಕಬ್‌ಗೂ ಸೂಸನ್‌ಗೂ ಬೆಳೆಯುವ ಸ್ನೇಹ ಈ ಸಿನಿಮಾದ ಜೀವ. ಮನೆಯವರಿಗೆ ಸೂಸನ್ ಅಂದರೆ ಗಾಜಿನ ಗೊಂಬೆ. ಮುಟ್ಟಬೇಡ, ಓಡಬೇಡ, ಬೀಳುತ್ತೀಯ. ಜೇಕಬ್ ಅವಳನ್ನು ಆಟದ ಜೊತೆಗಾರ್ತಿಯಾಗಿ ನೋಡುತ್ತಾನೆ, ಅಷ್ಟೇ. ಬೇರೆಯವರ ಲೆಕ್ಕಕ್ಕೆ ಬಾರದ ಇಬ್ಬರು ಮಕ್ಕಳು ಒಬ್ಬರಿಗೊಬ್ಬರು ಲೆಕ್ಕಕ್ಕೆ ಬರುತ್ತಾರೆ. ಅವರಿಬ್ಬರ ಜೊತೆ ಮೂರನೆಯವನಾಗಿ ಟೋಲಿ ಸೇರುತ್ತಾನೆ.

ಇದೇ ಸಾಮಾನುಗಳಿಂದ ನಡುಗಿಸುವ ಸಿನಿಮಾವನ್ನೂ ಮಾಡಬಹುದು. ಹೆನ್ರಿ ಜೇಮ್ಸ್ 1898ರಲ್ಲಿ ಬರೆದ ಕತೆಯನ್ನು ಇಟ್ಟುಕೊಂಡು 1961ರಲ್ಲಿ ಜ್ಯಾಕ್ ಕ್ಲೇಟನ್ ‘ದಿ ಇನೊಸೆಂಟ್ಸ್’ ಮಾಡಿದರು. ಹಳ್ಳಿಯ ದೊಡ್ಡ ಮನೆ, ಇಬ್ಬರು ಮಕ್ಕಳು, ಸತ್ತವರು. ನೋಡಿದರೆ ರಾತ್ರಿ ನಿದ್ದೆ ಬರುವುದಿಲ್ಲ. ಅಲ್ಲಿ ದೊಡ್ಡವರು ಮಕ್ಕಳನ್ನು ನಂಬುವುದಿಲ್ಲ. ಗ್ರೀನ್ ನೋ ಮನೆಯಲ್ಲಿ ನಂಬುತ್ತಾರೆ. ಎರಡು ಸಿನಿಮಾಗಳ ನಡುವಿನ ಅಂತರ ಬಹುಪಾಲು ಇಷ್ಟೇ.

ಹತ್ತಿರದ ನೆಂಟ ಇನ್ನೊಂದಿದೆ. 1972ರ ‘ದಿ ಅಮೇಜಿಂಗ್ ಮಿಸ್ಟರ್ ಬ್ಲಂಡನ್’. ನಿರ್ದೇಶಕ ಲಯೊನೆಲ್ ಜೆಫ್ರೀಸ್, ಮೂಲ ಆಂಟೋನಿಯಾ ಬಾರ್ಬರ್ ಅವರ 1969ರ ಕಾದಂಬರಿ. ಅದು 1918ರಲ್ಲಿ ಶುರುವಾಗುತ್ತದೆ. ಅಪ್ಪ ಮೊದಲ ಮಹಾಯುದ್ಧದಲ್ಲಿ ಸತ್ತಿದ್ದಾನೆ, ವಿಧವೆ ತಾಯಿ ಬಡತನದಲ್ಲಿದ್ದಾಳೆ. ವಕೀಲನೊಬ್ಬ ಬಂದು ಹಳ್ಳಿಯ ಪಾಳು ಮನೆಯೊಂದನ್ನು ನೋಡಿಕೊಳ್ಳುವ ಕೆಲಸ ಕೊಡುತ್ತಾನೆ. ಅಲ್ಲಿನ ತೋಟದಲ್ಲಿ ನೂರು ವರ್ಷ ಹಿಂದಿನ ಇಬ್ಬರು ಮಕ್ಕಳು ಬಂದು ಸಹಾಯ ಕೇಳುತ್ತಾರೆ. ನೋಡಿದಿರಾ? ಅಲ್ಲೂ ಯುದ್ಧ, ಅಲ್ಲೂ ಅಪ್ಪ ಇಲ್ಲದ ಮಕ್ಕಳು, ಅಲ್ಲೂ ಬೆಂಕಿ. ಇದು ಆಕಸ್ಮಿಕ ಅಂತ ನನಗೆ ಅನ್ನಿಸುವುದಿಲ್ಲ. ಎರಡು ಯುದ್ಧಗಳಲ್ಲಿ ಆ ದೇಶ ಅಷ್ಟೊಂದು ಅಪ್ಪಂದಿರನ್ನು ಕಳೆದುಕೊಂಡಿತು. ಮಕ್ಕಳ ದೆವ್ವದ ಕತೆ ಆ ನೋವನ್ನು ಹೇಳುವ ಒಂದು ದಾರಿಯಾಯಿತು.

ಮನೆ ಮಾರುವ ಸಂಕಟವೂ ಇತಿಹಾಸವೇ. 1894ರಲ್ಲಿ ಸಾವಿನ ತೆರಿಗೆ ಬಂತು, ಅಂದರೆ ಒಡೆಯ ಸತ್ತಾಗ ಅವನ ಆಸ್ತಿಯ ಮೇಲೆ ಕಟ್ಟಬೇಕಾದ ತೆರಿಗೆ. ಅದು ಮುಂದೆ ಏರುತ್ತಲೇ ಹೋಯಿತು. ವಾರಸುದಾರ ಯುದ್ಧದಲ್ಲಿ ಸತ್ತರೆ ತೆರಿಗೆ, ಅವನ ಜಾಗಕ್ಕೆ ಬಂದವನು ಸತ್ತರೆ ಮತ್ತೆ ತೆರಿಗೆ. ಕೆಲಸದವರು ಸಿಗದಾದರು. 1950ರ ದಶಕದಲ್ಲಂತೂ ಇಂಥ ಮನೆಗಳನ್ನು ಸಾಲುಸಾಲಾಗಿ ಕೆಡವಿದರು.

ಸಿನಿಮಾದಲ್ಲಿ ಕೊರತೆಗಳೂ ಇವೆ. ಡೊಮಿನಿಕ್ ವೆಸ್ಟ್ ಒಳ್ಳೆಯ ನಟ, ಆದರೆ ಅವರ ಕೆಟ್ಟ ಸೇವಕನ ಪಾತ್ರ ಬರೀ ಕೆಟ್ಟದ್ದು. ಯಾಕೆ ಹಾಗಾದ ಅಂತ ಒಂದು ಮಾತೂ ಇಲ್ಲ. ಒಡವೆಯ ಗುಟ್ಟು ಸುಲಭವಾಗಿ ಬಿಚ್ಚಿಕೊಳ್ಳುತ್ತದೆ. ಸೆಫ್ಟನ್‌ಗೆ ಇನ್ನಷ್ಟು ಸಮಯ ಕೊಡಬೇಕಿತ್ತು. ತಮ್ಮ ಮನೆಯಲ್ಲೇ ತಾನು ಬೇಡವಾದೆ ಅಂದುಕೊಂಡ ಹುಡುಗ ಅವನು. ಅವನಲ್ಲಿ ಟೋಲಿಯ ನೆರಳಿದೆ. ಸಿನಿಮಾ ಅದನ್ನು ನೋಡಲೇ ಇಲ್ಲ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಎಷ್ಟು ವಯಸ್ಸಿನವರಿಗೆ ತೋರಿಸಬಹುದು ಅಂತ ಒಬ್ಬರು ಕೇಳಿದರು. ಎಂಟು ಒಂಬತ್ತು ವರ್ಷ ಆಗಿದ್ದರೆ ತೊಂದರೆ ಇಲ್ಲ ಅಂದೆ. ಬೆಂಕಿಯ ದೃಶ್ಯದಲ್ಲಿ ಪಕ್ಕದಲ್ಲಿರಿ. ಗುಲಾಮಗಿರಿ ಅಂದರೇನು ಅಂತ ಮಕ್ಕಳು ಕೇಳುತ್ತಾರೆ, ಉತ್ತರ ಹೇಳಲು ತಯಾರಾಗಿರಿ.

ಇನ್ನೊಬ್ಬ ತಾಯಿ ತಮ್ಮ ಮನೆಯಲ್ಲಿ ಈಚೆಗೆ ಒಂದು ಸಾವಾಗಿದೆ ಅಂದರು. ಮಗ ಅದರ ಬಗ್ಗೆ ಬಾಯೇ ಬಿಡುತ್ತಿಲ್ಲವಂತೆ. ಅವನಿಗೆ ತೋರಿಸಲೋ ಬೇಡವೋ ಅಂತ ಕೇಳಿದರು. ನಾನು ಹೇಳಿದ್ದು ಇಷ್ಟು. ಅಮ್ಮಾ, ಮೊದಲು ನೀವೊಬ್ಬರೇ ನೋಡಿ. ಅಪ್ಪನ ಸುದ್ದಿ ಬರುವ ಭಾಗ ನಿಮ್ಮಿಂದ ತಡೆದುಕೊಳ್ಳಲು ಆಗುತ್ತದಾ ನೋಡಿ. ಆಗುತ್ತದೆ ಅನ್ನಿಸಿದರೆ ಕತೆ ಏನು ಅಂತ ಮಗನಿಗೆ ಮೊದಲೇ ಹೇಳಿಬಿಡಿ, ನೋಡುತ್ತೀಯಾ ಅಂತ ಕೇಳಿ. ಬೇಡ ಅಂದರೆ ಬಿಡಿ. ಹೂಂ ಅಂದರೆ ಹಗಲು ಹೊತ್ತಿನಲ್ಲಿ ಕೂತು ನೋಡಿ, ನಡುವೆ ಅವನು ಎದ್ದು ಹೋದರೆ ತಡೆಯಬೇಡಿ. ಅವನಾಗಿಯೇ ಏನಾದರೂ ಕೇಳಿದರೆ ಟೋಲಿಯ ಅಜ್ಜಿಯ ಹಾಗೆ ಗೊತ್ತಿದ್ದಷ್ಟನ್ನು ಹೇಳಿ.